ತರಬೇತಿ ಕೊಠಡಿಯಿಂದ ತರಗತಿಗೆ: ಸಮಾಜ ವಿಜ್ಞಾನದ ಒಂದು ಪಾಠವನ್ನು ಕಟ್ಟುವ ಬಗೆ

ಎರಡು ದಿನಗಳ ಕಾರ್ಯಾಗಾರ ಮುಗಿಸಿ ಚೀಲದ ತುಂಬ ಕೈಪಿಡಿಗಳನ್ನೂ ಪೆನ್‌ಡ್ರೈವ್ ತುಂಬ ಕಡತಗಳನ್ನೂ ತಂದ ಸಮಾಜ ವಿಜ್ಞಾನ ಶಿಕ್ಷಕರು ಸೋಮವಾರ ಬೆಳಿಗ್ಗೆ ಹಳೆಯ ಟಿಪ್ಪಣಿಯನ್ನೇ ಹಿಡಿದು ತರಗತಿಗೆ ಹೋಗುವುದು ಅಪರೂಪವೇನಲ್ಲ. ಇದಕ್ಕೆ ಅವರ ಸೋಮಾರಿತನವನ್ನು ದೂರುವುದು ಅನ್ಯಾಯ. ಕಾರ್ಯಾಗಾರದಲ್ಲಿ ಕೇಳಿದ್ದು ಎಷ್ಟೇ ಸೊಗಸಾಗಿದ್ದರೂ ಅದನ್ನು 40 ನಿಮಿಷಗಳ ಅವಧಿಯ ಅಳತೆಗೆ ಕತ್ತರಿಸಿ ಹೊಲಿಯುವ ಕೆಲಸ ಶಿಕ್ಷಕರ ಪಾಲಿಗೇ ಉಳಿದಿರುತ್ತದೆ. ಆ ಕೆಲಸವನ್ನು ಒಂದೇ ಒಂದು ಪಾಠದಿಂದ ಆರಂಭಿಸುವುದು ಹೇಗೆಂಬುದನ್ನು ಇಲ್ಲಿ ಒಂದು ಉದಾಹರಣೆಯ ಬೆನ್ನು ಹಿಡಿದು ನೋಡೋಣ. ಇಡೀ ವರ್ಷದ ಪಾಠಗಳನ್ನೆಲ್ಲ ಒಮ್ಮೆಲೇ ಹೊಸದಾಗಿಸಲು ಹೊರಟವರು ಎರಡನೆಯ ವಾರಕ್ಕೇ ದಣಿದು ಕೈಚೆಲ್ಲುವುದನ್ನು ನಾನು ಸಾಕಷ್ಟು ಕಂಡಿದ್ದೇನೆ.

ಮೊದಲು ಆಗಬೇಕಾದದ್ದು ಪ್ರಶ್ನೆಯ ಆಯ್ಕೆ. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ‘ಸಿ3’ ಎಂಬ ಬೋಧನಾ ಚೌಕಟ್ಟು ಸಮಾಜ ವಿಜ್ಞಾನದ ಕಲಿಕೆಯನ್ನು ಪ್ರಶ್ನೆಯಿಂದಲೇ ಆರಂಭಿಸಿ, ಅಲ್ಲಿಂದ ಆಯಾ ವಿಷಯದ ಪರಿಕಲ್ಪನೆಗಳಿಗೆ, ಆಕರಗಳ ಪರಿಶೀಲನೆಗೆ, ಕೊನೆಗೆ ತೀರ್ಮಾನದ ಮಂಡನೆಗೆ ಕೊಂಡೊಯ್ಯುತ್ತದೆ. ಆದರೆ ಎಲ್ಲ ಪ್ರಶ್ನೆಗಳೂ ಈ ಕೆಲಸಕ್ಕೆ ಒದಗುವುದಿಲ್ಲ. ‘ಕಾಲರಾ ಹೇಗೆ ಹರಡುತ್ತದೆ?’ ಎಂದರೆ ಮಕ್ಕಳು ಪಠ್ಯಪುಸ್ತಕದ ಸಾಲೊಂದನ್ನು ಓದಿ ಹೇಳಿ ಕುಳಿತುಬಿಡುತ್ತಾರೆ. ‘1854ರಲ್ಲಿ ಲಂಡನ್ನಿನ ಸೋಹೋ ಬಡಾವಣೆಯ ಕಾಲರಾ ನಿಂತದ್ದು ಅಲ್ಲಿನ ಕುಡಿಯುವ ನೀರಿನ ಪಂಪಿನ ಹಿಡಿಕೆಯನ್ನು ತೆಗೆದದ್ದರಿಂದಲೇ?’ ಎಂದು ಕೇಳಿದಾಗ ಮಾತ್ರ ಅವರು ಆಧಾರ ಹುಡುಕಲು ತೊಡಗುತ್ತಾರೆ. ಒಳ್ಳೆಯ ಪ್ರಶ್ನೆಗೆ ಎರಡು ಪಕ್ಷಗಳಿಂದಲೂ ವಾದಿಸಲು ಆಸ್ಪದವಿರಬೇಕು, ಮತ್ತು ಮಕ್ಕಳ ಕೈಗೆ ಕೊಡುವ ಆಕರದಲ್ಲಿಯೇ ಉತ್ತರಕ್ಕೆ ಬೇಕಾದ ಸಾಮಗ್ರಿ ಇರಬೇಕು.

ಮುಂದಿನದು ಆಕರದ ಹುಡುಕಾಟ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಯುರೋಪಿನ ಯೂರೋಪಿಯಾನಾ ಮುಂತಾದ ಸಂಗ್ರಹಗಳಲ್ಲಿ ಹಳೆಯ ನಕ್ಷೆ, ಪತ್ರ, ಛಾಯಾಚಿತ್ರಗಳು ಉಚಿತವಾಗಿ ದೊರೆಯುತ್ತವೆ. ಸಿಕ್ಕಿದ್ದನ್ನೆಲ್ಲ ಇಳಿಸಿಕೊಳ್ಳುವ ಚಪಲವನ್ನು ಮಾತ್ರ ತಡೆದುಕೊಳ್ಳಬೇಕು. ಸಿದ್ಧ ಪಾಠ ಯೋಜನೆಗಳನ್ನು ಹಂಚುವ ಅಪರಿಚಿತ ತಾಣಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಾಲತಾಣಗಳ ನಂಬಿಕಸ್ತಿಕೆಯನ್ನು ಅಳೆಯುವುದರಲ್ಲಿ ಇತಿಹಾಸಕಾರರೂ ವಿದ್ಯಾರ್ಥಿಗಳೂ ಎಡವಿದ ಕಡೆ ವೃತ್ತಿಪರ ಸತ್ಯಶೋಧಕರು (ಫ್ಯಾಕ್ಟ್ ಚೆಕರ್‌ಗಳು) ಗೆದ್ದರು. ಅವರ ಗುಟ್ಟು ಬಹಳ ಸರಳ: ಪುಟವನ್ನು ಮೇಲಿಂದ ಕೆಳಗಿನವರೆಗೆ ಓದುತ್ತ ಕೂರದೆ, ತಕ್ಷಣ ಹೊಸ ಟ್ಯಾಬ್‌ಗಳನ್ನು ತೆರೆದು ಆ ತಾಣದ ಹಿಂದಿರುವವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆಂದು ನೋಡುವುದು. ಇದನ್ನು ಶಿಕ್ಷಕರು ಮೊದಲು ತಾವು ರೂಢಿಸಿಕೊಂಡು ಆಮೇಲೆ ಮಕ್ಕಳಿಗೆ ಕಲಿಸುವುದು ಲೇಸು.

ಆಕರ ಸಿಕ್ಕ ಮೇಲೆ ಅದನ್ನು ಒಂದು ಹಾಳೆಗೆ ಇಳಿಸಬೇಕು. ನಮ್ಮ ಉದಾಹರಣೆಗೆ ಬೇಕಾದದ್ದು, ಆ ಪಂಪಿನ ನೀರೇ ಕಾಲರಾಕ್ಕೆ ಕಾರಣವೆಂದು ವಾದಿಸಿ ಹಿಡಿಕೆ ತೆಗೆಸಲು ಕಾರಣರಾದ ವೈದ್ಯ ಜಾನ್ ಸ್ನೋ 1855ರಲ್ಲಿ ಪ್ರಕಟಿಸಿದ ಬರಹದ ಮೂರು ತುಣುಕುಗಳು. ಮೊದಲನೆಯದು ಸತ್ತವರ ಮನೆಗಳ ಮುಂದೆ ಕಪ್ಪು ಗೆರೆಗಳನ್ನು ಪೇರಿಸಿ ತೋರಿಸಿದ, ನಡುವೆ ಬ್ರಾಡ್ ಸ್ಟ್ರೀಟ್ ಪಂಪು ಇರುವ ನಕ್ಷೆ. ಎರಡನೆಯದು ಆ ನಕ್ಷೆಗೆ ಒಗ್ಗದಂತೆ ಕಾಣುವ ಎರಡು ಸಂಗತಿಗಳು: ಪಂಪಿಗೆ ಹತ್ತಿರದಲ್ಲೇ ಇದ್ದ, 535 ನಿರ್ಗತಿಕರಿದ್ದ ಆಶ್ರಯಗೃಹದಲ್ಲಿ ಕಾಲರಾದಿಂದ ಸತ್ತವರು ಐದೇ ಮಂದಿ, ಅದೇ ಬೀದಿಯ ಬಿಯರ್ ತಯಾರಿಕಾ ಕೇಂದ್ರದ 70ಕ್ಕೂ ಹೆಚ್ಚು ಕೆಲಸಗಾರರಲ್ಲಿ ಒಬ್ಬರೂ ಸಾಯಲಿಲ್ಲ. ಎರಡೂ ಕಡೆ ಸ್ವಂತ ಬಾವಿಗಳಿದ್ದವು ಎಂಬ ಸಾಲನ್ನು ಹಾಳೆಯಿಂದ ತೆಗೆದು, ಶಿಕ್ಷಕರು ತಮ್ಮ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಮೂರನೆಯದು ದಿನವಹಿ ಪಟ್ಟಿ. ಮುಂದೆ ಸತ್ತವರ ಪೈಕಿ 143 ಮಂದಿ ರೋಗಕ್ಕೆ ತುತ್ತಾದದ್ದು ಸೆಪ್ಟೆಂಬರ್ 1ರಂದು. ಹಿಡಿಕೆ ತೆಗೆದ ಸೆಪ್ಟೆಂಬರ್ 8ರಂದು ಹಾಗೆ ತುತ್ತಾದವರು 12 ಮಂದಿ.

ಮಕ್ಕಳು ಈ ಪಟ್ಟಿಯನ್ನು ಸ್ತಂಭಾಲೇಖವಾಗಿ ಬರೆದು 8ನೆಯ ತಾರೀಖಿಗೆ ಕೆಂಪು ಗುರುತು ಹಾಕಿದಾಗ ಪಾಠ ತಿರುವು ಪಡೆಯುತ್ತದೆ, ಏಕೆಂದರೆ ಸ್ತಂಭಗಳು ಕೆಂಪು ಗೆರೆಯನ್ನು ಮುಟ್ಟುವ ಮೊದಲೇ ಕುಸಿದಿರುತ್ತವೆ. ಜನ ಬಡಾವಣೆ ಬಿಟ್ಟು ಓಡಿಹೋದದ್ದರಿಂದ ಸಾವು ಇಳಿದಿತ್ತೆಂದು ಸ್ನೋ ಸ್ವತಃ ಬರೆದಿದ್ದಾರೆ. ಹಿಡಿಕೆಯ ಕಥೆಯನ್ನು ಪವಾಡದಂತೆ ಹೇಳುತ್ತ ಬಂದವರು ನಂತರದವರು. ಒಂದೇ ಹಾಳೆಯಲ್ಲಿ ಭೂಗೋಳ, ಇತಿಹಾಸ, ಹಿಡಿಕೆ ತೆಗೆಸುವ ಅಧಿಕಾರ ಯಾರಿಗಿತ್ತೆಂಬ ಪೌರನೀತಿಯ ಪ್ರಶ್ನೆ, ಮೂರೂ ಸೇರಿಕೊಳ್ಳುತ್ತವೆ.

ತರಗತಿಯಲ್ಲಿ ಹಾಳೆ ಹಂಚಿದ ಕೂಡಲೇ ವಿವರಣೆಗೆ ಇಳಿಯಬಾರದು. ಲೈಬ್ರರಿ ಆಫ್ ಕಾಂಗ್ರೆಸ್ ಶಿಕ್ಷಕರಿಗೆ ಒದಗಿಸುವ ಆಕರ ವಿಶ್ಲೇಷಣೆಯ ನಮೂನೆಯಲ್ಲಿರುವಂತೆ ಗಮನಿಸು, ಯೋಚಿಸು, ಪ್ರಶ್ನಿಸು ಎಂಬ ಮೂರು ಕಾಲಂಗಳನ್ನು ಕಪ್ಪು ಹಲಗೆಯ ಮೇಲೆ ಎಳೆದು, ಮೊದಲ ಐದು ನಿಮಿಷ ಮೌನವಾಗಿರಬೇಕು. ಹೇಳಿದಷ್ಟು ಸುಲಭದ ಮಾತಲ್ಲ ಇದು. ಮೌನ ಶಿಕ್ಷಕರಿಗೆ ಮಕ್ಕಳಿಗಿಂತ ಹೆಚ್ಚು ಕಷ್ಟ.

ಇಷ್ಟರವರೆಗಿನದನ್ನು ಒಬ್ಬರೇ ಮಾಡಬಹುದು. ವೃತ್ತಿಯಲ್ಲಿ ಬೆಳೆಯಲು ಇನ್ನೊಬ್ಬರ ಕಣ್ಣು ಬೇಕು. ಜಪಾನಿನ ಶಾಲೆಗಳಲ್ಲಿ ‘ಜುಗ್ಯೋ ಕೆಂಕ್ಯೂ’ ಎಂಬ ಪಾಠ ಅಧ್ಯಯನದ ಪದ್ಧತಿಯಿದೆ: ಕೆಲವು ಶಿಕ್ಷಕರು ಕೂಡಿ ಒಂದು ಪಾಠವನ್ನು ಯೋಜಿಸುತ್ತಾರೆ, ಒಬ್ಬರು ಅದನ್ನು ಬೋಧಿಸುವಾಗ ಉಳಿದವರು ತರಗತಿಯಲ್ಲಿದ್ದು ಗಮನಿಸುತ್ತಾರೆ, ಬಳಿಕ ಕುಳಿತು ಚರ್ಚಿಸಿ ಪಾಠವನ್ನು ತಿದ್ದುತ್ತಾರೆ. ವೀಕ್ಷಕರು ನೋಡಬೇಕಾದದ್ದು ಮಕ್ಕಳನ್ನು. ಬೋಧಿಸುವವರಿಗೆ ಅಂಕ ಕೊಡುವ ತಪಾಸಣೆಯಾಗಿ ಇದು ತಿರುಗಿದರೆ ಮರುಸಲ ಯಾರೂ ಬಾಗಿಲು ತೆರೆಯುವುದಿಲ್ಲ.

ನಾನು ಹೀಗೆ ವೀಕ್ಷಕನಾಗಿದ್ದ ಒಂದು ಅವಧಿಯಲ್ಲಿ ಹಿಂದಿನ ಬೆಂಚಿನ ನಾಲ್ವರ ಮಾತನ್ನು ಕಿವಿಗೆ ಬಿದ್ದಂತೆ ಬರೆದುಕೊಂಡೆ. ಹಿಡಿಕೆಯ ಕಥೆಯನ್ನು ಆರಂಭದಲ್ಲೇ ರಸವತ್ತಾಗಿ ಹೇಳಿಬಿಟ್ಟದ್ದರಿಂದ, ಅವರು ಆಲೇಖವನ್ನು ನೋಡುವ ಗೋಜಿಗೇ ಹೋಗದೆ ಕಥೆಯನ್ನೇ ಉತ್ತರವಾಗಿ ಬರೆದಿದ್ದರು. ಚರ್ಚೆಯಲ್ಲಿ ಆ ಟಿಪ್ಪಣಿಯನ್ನು ಓದಿದಾಗ ಬೋಧಿಸಿದ ಸಹೋದ್ಯೋಗಿ ನಕ್ಕು, ಮತ್ತೊಂದು ವಿಭಾಗಕ್ಕೆ ಆಲೇಖವನ್ನು ಮೊದಲು ಕೊಟ್ಟು ಕಥೆಯನ್ನು ಕೊನೆಗೆ ಇಟ್ಟರು. ಅಲ್ಲಿ ಬಂದ ಮೊದಲ ಪ್ರಶ್ನೆ, ‘ಹಾಗಾದರೆ ಹಿಡಿಕೆ ತೆಗೆದದ್ದು ದಂಡವೇ?’

ಮೌಲ್ಯಮಾಪನಕ್ಕೆ ಪ್ರತ್ಯೇಕ ಪರೀಕ್ಷೆ ಬೇಡ; ಒಂದು ತೀರ್ಮಾನ, ಅದಕ್ಕೆ ಹಾಳೆಯಿಂದ ಒಂದು ಆಧಾರ, ಅದಕ್ಕೆ ಎದುರಾಗುವ ಒಂದು ಸಂಗತಿ, ಹೀಗೆ ಮೂರು ವಾಕ್ಯಗಳನ್ನು ಬರೆಸಿದರೆ ಸಾಕು. ಅವುಗಳಲ್ಲಿ ನಾಲ್ಕೈದು ಉತ್ತರಗಳನ್ನು, ಎಡವಟ್ಟಾದವನ್ನೂ ಬಿಡದೆ, ಆಕರದ ಹಾಳೆ ಮತ್ತು ತಿದ್ದಿದ ಪಾಠ ಯೋಜನೆಯೊಂದಿಗೆ ಒಂದೇ ಕಡತದಲ್ಲಿ ಇಟ್ಟು, ಯಾವ ನಿಮಿಷದಲ್ಲಿ ಪಾಠ ಜಾರಿತೆಂಬುದನ್ನು ಅಂದೇ ಸಂಜೆ ಅಂಚಿನಲ್ಲಿ ಗುರುತಿಸಿಡಬೇಕು.