ಹಳೇ ಸ್ಕಾರ್ಪಿಯೋ ಕೊಡಲೋ ಬೇಡವೋ: ಒಂದು ನೋಟ್‌ಬುಕ್ಕಿನ ಕಥೆ

ಕಳೆದ ವರ್ಷ ಆಯುಧಪೂಜೆಯ ದಿನ. ಗಾಡಿ ಮುಂದೆ ಬೂದುಗುಂಬಳ ಒಡೆದಾಗಿತ್ತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಇನ್ನೇನು ಸ್ಟಾರ್ಟ್ ಮಾಡಬೇಕು, ಅಷ್ಟರಲ್ಲಿ ನನ್ನ ಭಾಮೈದ ಶುರು ಮಾಡಿದ. "ಭಾವ, ಇದಕ್ಕೇ ಇನ್ನೆಷ್ಟು ವರ್ಷ ಪೂಜೆ ಮಾಡ್ತೀರಿ? ಜಿಎಸ್‌ಟಿ ಇಳಿದಿದೆ, ಹೊಸ ಸ್ಕಾರ್ಪಿಯೋ-ಎನ್ ತಗೊಂಡ್ಬಿಡಿ."

ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. 2025ರ ಸೆಪ್ಟೆಂಬರ್ 22ರ ತನಕ ದೊಡ್ಡ ಎಸ್‌ಯುವಿಗಳ ಮೇಲೆ 28 ಪರ್ಸೆಂಟ್ ಜಿಎಸ್‌ಟಿ, ಅದರ ಮೇಲೆ 22 ಪರ್ಸೆಂಟ್ ಸೆಸ್, ಒಟ್ಟು 50 ಇತ್ತು. ಅಂದಿನಿಂದ 40 ಆಯಿತು. ಲಕ್ಷದ ಮೇಲೆ ವ್ಯತ್ಯಾಸ ಬಂತು. ನನ್ನದು 2012ರ ಫೆಬ್ರವರಿಯ ಸ್ಕಾರ್ಪಿಯೋ, ವಿಎಲ್‌ಎಕ್ಸ್ ವೇರಿಯಂಟ್. 2.2 ಲೀಟರ್ ಎಂಹಾಕ್ ಡೀಸೆಲ್, 120 ಎಚ್‌ಪಿ. ಮೀಟರ್ ಆಗ 1,86,000 ಕಿ.ಮೀ. ತೋರಿಸುತ್ತಿತ್ತು. ಇಷ್ಟು ವರ್ಷದಲ್ಲಿ ದಾರಿಯಲ್ಲಿ ನಿಂತದ್ದು ಒಂದೇ ಸಲ, ಗುಬ್ಬಿ ಹತ್ತಿರ, ಬ್ಯಾಟರಿ ಸತ್ತು. ಅದೂ ನನ್ನದೇ ತಪ್ಪು. ಬದಲಾಯಿಸಬೇಕಿದ್ದ ಬ್ಯಾಟರಿಯನ್ನು ಇನ್ನೊಂದು ವರ್ಷ ಎಳೆಯೋಣ ಅಂತ ಬಿಟ್ಟಿದ್ದೆ.

ಆದರೆ ಅವನು ಆ ಮಾತು ಆಡಿದ ಮೇಲೆ ನನಗೆ ಸಮಾಧಾನ ಇರಲಿಲ್ಲ. ರಾತ್ರಿ ಮಲಗಿದಾಗ ವೇರಿಯಂಟ್ ನೋಡುವುದು, ಬಣ್ಣ ನೋಡುವುದು. ಒಂದು ವಾರ ಹೀಗೇ ಕಳೆದ ಮೇಲೆ ಹೆಂಡತಿ ಒಂದು ಹಳೇ ಪಾಕೆಟ್ ನೋಟ್‌ಬುಕ್ ತಂದು ಡ್ಯಾಶ್‌ಬೋರ್ಡಿನಲ್ಲಿ ಇಟ್ಟಳು. "ರೀ, ಮೂರು ತಿಂಗಳು ಗಾಡಿ ಎಲ್ಲೆಲ್ಲಿಗೆ ಹೋಗುತ್ತೆ, ಯಾರ್ಯಾರು ಕೂತಿರ್ತಾರೆ, ಬರೆದಿಡಿ. ಆಮೇಲೆ ಮಾತಾಡೋಣ" ಅಂದಳು. ನಾನು ಮಾಡಿದ ಅಷ್ಟೂ ಕೆಲಸದಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಇದೊಂದೇ.

ಮೂರು ತಿಂಗಳ ಹತ್ತಿರ ಬರೆದೆ. ಒಟ್ಟು 61 ಸಲ ಗಾಡಿ ಹೊರಗೆ ಹೋಗಿತ್ತು. ಅದರಲ್ಲಿ 44 ಸಲ ಹೋಗಿ ಬರುವ ದಾರಿ ಸೇರಿಸಿದರೂ ಎಂಟು ಹತ್ತು ಕಿಲೋಮೀಟರ್ ದಾಟಿಲ್ಲ. ಬನಶಂಕರಿ ಎರಡನೇ ಹಂತದ ನಮ್ಮ ಮನೆಯಿಂದ ಗಾಂಧಿ ಬಜಾರ್, ಜಯನಗರ ನಾಲ್ಕನೇ ಬ್ಲಾಕ್, ಮಗಳ ಟ್ಯೂಷನ್, ಅಷ್ಟೇ. ಆ 44ರಲ್ಲಿ 38 ಸಲ ಗಾಡಿಯಲ್ಲಿ ಇದ್ದದ್ದು ನಾನೊಬ್ಬನೇ! ಎರಡು ಟನ್ ಹತ್ತಿರದ ಗಾಡಿ ತೆಗೆದುಕೊಂಡು ಹೋಗಿ ಅರ್ಧ ಕೆಜಿ ಕಾಫಿ ಪುಡಿ ತಂದಿದ್ದೇನೆ. ಆಫೀಸಿಗೆ ಅಂತೂ ಆಗಸ್ಟಿನಿಂದಲೇ ಗಾಡಿ ಒಯ್ಯುವುದು ನಿಂತಿತ್ತು. ಆರ್‌.ವಿ. ರೋಡಿನಿಂದ ಹಳದಿ ಮಾರ್ಗದ ಮೆಟ್ರೋ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕ್ಲಚ್ ತುಳಿದುಕೊಂಡು ಹೋಗುವ ಕರ್ಮ ತಪ್ಪಿದೆ.

ಇಷ್ಟು ನೋಡಿದರೆ ಉತ್ತರ ಸುಲಭ. ಹೊಸ ಗಾಡಿ ಯಾಕೆ ಬೇಕು, ಅಲ್ವಾ?

ಆದರೆ ಅದೇ ನೋಟ್‌ಬುಕ್ಕಿನಲ್ಲಿ ಎಷ್ಟು ಸಲ ಅನ್ನುವುದನ್ನು ಬಿಟ್ಟು ಕಿಲೋಮೀಟರ್ ಕೂಡಿಸಿದೆ. ಒಟ್ಟು 2,150 ಕಿ.ಮೀ. ಅದರಲ್ಲಿ 1,500 ಬರೀ ಊರಿನ ದಾರಿ. ತಿಪಟೂರು ಪಕ್ಕದ ನಮ್ಮ ಹಳ್ಳಿಗೆ ಐದೇ ಸಲ ಹೋಗಿದ್ದೆ, ಹೋಗಿ ಬರಲು 300ರಂತೆ. ಆ ಐದೂ ಸಲ ಗಾಡಿ ತುಂಬಾ ಜನ. ಹೆಂಡತಿ, ಮಗಳು, ಒಮ್ಮೆ ತಂಗಿಯ ಮಕ್ಕಳು, ವಾಪಸ್ ಬರುವಾಗ ಅಮ್ಮ, ಹಿಂದೆ ತೆಂಗಿನಕಾಯಿ ಮೂಟೆ. ಎಷ್ಟು ಸಲ ಅಂತ ಎಣಿಸಿದರೆ ಇದು ತರಕಾರಿ ತರುವ ಗಾಡಿ. ಕಿಲೋಮೀಟರ್ ಎಣಿಸಿದರೆ ಮನೆಯವರನ್ನೆಲ್ಲ ಕೂರಿಸಿಕೊಂಡು ಹೈವೇಯಲ್ಲಿ ಓಡುವ ಗಾಡಿ. ಒಂದೇ ನೋಟ್‌ಬುಕ್, ಎರಡು ಉತ್ತರ.

ಹೈವೇ ಅಂದಾಗ ಹೊಸದರ ಪರವಾಗಿ ದೊಡ್ಡ ಮಾತು ಒಂದಿದೆ. 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ನಡೆಸಿದ ಡಿಕ್ಕಿ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಹಳೇ ಸ್ಕಾರ್ಪಿಯೋಗೆ ಐದರಲ್ಲಿ ಸಿಕ್ಕಿದ್ದು ಸೊನ್ನೆ ಸ್ಟಾರ್. 2022ರ ಡಿಸೆಂಬರಿನಲ್ಲಿ ಸ್ಕಾರ್ಪಿಯೋ-ಎನ್‌ಗೆ ದೊಡ್ಡವರ ಸುರಕ್ಷತೆಗೆ ಐದು ಸ್ಟಾರ್, ಮಕ್ಕಳ ಸುರಕ್ಷತೆಗೆ ಮೂರು ಸಿಕ್ಕಿತು. ನನ್ನದರಲ್ಲಿ ಎರಡು ಏರ್‌ಬ್ಯಾಗ್, ಎಬಿಎಸ್ ಇದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಹಿಂದೆ ಇರುವ ಎದುರುಬದುರು ಸೀಟಿನಲ್ಲಿ ಬೆಲ್ಟೇ ಇಲ್ಲ. ತಂಗಿಯ ಮಕ್ಕಳು ಕೂರುವುದು ಅಲ್ಲೇ. ಇಷ್ಟು ವರ್ಷ ಆ ಸೀಟು ನೋಡಿ ಒಂದು ದಿನವೂ ನನಗೆ ಏನೂ ಅನ್ನಿಸಿರಲಿಲ್ಲ ಅನ್ನುವುದೇ ಈಗ ನೆನೆದರೆ ಕಸಿವಿಸಿ.

ಹಾಗಾಗಿ ಗಂಭೀರವಾಗಿಯೇ ಶೋರೂಂಗೆ ಹೋದೆ. ಟೆಸ್ಟ್ ಡ್ರೈವ್ ಅಂದರೆ ಶೋರೂಂ ಪಕ್ಕದ ರಸ್ತೆಯಲ್ಲಿ ಎರಡು ಕಿಲೋಮೀಟರ್ ಅಂತ ಅವರು ಅಂದುಕೊಂಡಿದ್ದರು. ಮೂರು ಸಲ ಫೋನ್ ಮಾಡಿ, ಮನೆಗೇ ಗಾಡಿ ತರಿಸಿಕೊಂಡೆ. ಓಡಿಸಲು ಕುಳಿತರೆ, ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ಎಂಜಿನ್ ಶಕ್ತಿ 175 ಪಿಎಸ್, ಎಳೆಯುವ ಬಲ (ಟಾರ್ಕ್) ಆಟೋಮ್ಯಾಟಿಕ್‌ನಲ್ಲಿ 400 ಎನ್‌ಎಂ. ನೈಸ್ ರಸ್ತೆಯಲ್ಲಿ ಲಾರಿ ಹಿಂದಿಕ್ಕುವಾಗ ನಮ್ಮ ಗಾಡಿಯ ಹಾಗೆ ಗೇರ್ ಇಳಿಸಿ, ಉಸಿರು ಹಿಡಿದು, ದೇವರ ಹೆಸರು ಹೇಳುವುದು ಬೇಕಿಲ್ಲ. ತಿರುವಿನಲ್ಲಿ ಓಲಾಡುವುದೂ ತುಂಬಾ ಕಮ್ಮಿ.

ಆಮೇಲೆ ಬೇಸ್‌ಮೆಂಟಿಗೆ ಇಳಿಸಿದೆ. ನಮ್ಮ ಪಾರ್ಕಿಂಗ್ ಜಾಗ ಎರಡು ಕಂಬಗಳ ಮಧ್ಯೆ. ಟೇಪ್ ಹಿಡಿದು ಅಳೆದರೆ ಏಳೂವರೆ ಅಡಿ. ಹಳೇ ಗಾಡಿಯ ಅಗಲ ಸುಮಾರು 1.8 ಮೀಟರ್. ಎನ್‌ನದು 1,917 ಮಿ.ಮೀ. ಕಾಗದದ ಮೇಲೆ ಹತ್ತು ಸೆಂಟಿಮೀಟರ್ ಏನೂ ಅಲ್ಲ. ಕಂಬದ ಪಕ್ಕದಲ್ಲಿ ಬಾಗಿಲು ತೆರೆದು ಹೊಟ್ಟೆ ಒಳಗೆಳೆದುಕೊಂಡು ಇಳಿಯುವವನಿಗೆ ಅದು ಏನು ಅಂತ ಗೊತ್ತು. ಶೋರೂಂ ಹುಡುಗ ಅತ್ತ ಕಡೆಯಿಂದ ಇಳಿಯಲಾಗದೆ ನನ್ನ ಸೀಟು ದಾಟಿಕೊಂಡು ಇತ್ತ ಕಡೆಯಿಂದ ಬಂದ. ನೀವು ಬೇರೆ ಏನೂ ಮಾಡದಿದ್ದರೂ ಇದೊಂದು ಮಾಡಿ: ಬುಕ್ ಮಾಡುವ ಮೊದಲು ಗಾಡಿಯನ್ನು ನಿಮ್ಮ ಜಾಗದಲ್ಲೇ ನಿಲ್ಲಿಸಿ, ನಾಲ್ಕೂ ಬಾಗಿಲು ತೆರೆದು ನೋಡಿ.

ತೆಂಗಿನಕಾಯಿ ವಿಷಯವೂ ಇದೆ. ನಗಬೇಡಿ, ತಿಪಟೂರು ಕಡೆಯವರಿಗೆ ಇದು ಸಣ್ಣ ವಿಷಯ ಅಲ್ಲ. ನಮ್ಮ ಹಳೇ ಗಾಡಿಯಲ್ಲಿ ಹಿಂದಿನ ಪಕ್ಕದ ಸೀಟುಗಳನ್ನು ಮೇಲಕ್ಕೆ ಮಡಚಿದರೆ ನಾಲ್ಕು ಮೂಟೆ ಸಲೀಸಾಗಿ ಹಿಡಿಯುತ್ತದೆ. ಎನ್‌ನಲ್ಲಿ ಮೂರನೇ ಸಾಲು ಮುಂದಕ್ಕೆ ಮುಖ ಮಾಡಿದ ಬೆಂಚು. ಅದನ್ನು ಮಡಚಿ ಮುಂದಕ್ಕೆ ಮಗುಚಿದರೆ ಎರಡನೇ ಸಾಲಿನ ಬೆನ್ನಿಗೆ ಒರಗಿಕೊಂಡು ನಿಲ್ಲುತ್ತದೆ, ನೆಲಕ್ಕೆ ಸಮ ಆಗುವುದಿಲ್ಲ. ಮೂಟೆ ಎರಡೇ.

ಡೀಸೆಲ್ ತೆಗೆದುಕೊಳ್ಳುವವರು ಇನ್ನೊಂದು ತಿಳಿದಿರಬೇಕು. ಹೊಗೆ ನಿಯಮದ ಹಳೇ ಹಂತ ಬಿಎಸ್4ರ ನನ್ನ ಗಾಡಿಯಲ್ಲಿ ಇಲ್ಲದ ಡಿಪಿಎಫ್ ಅನ್ನುವ ಸೋಸುಕ ಈಗಿನ ಹಂತ ಬಿಎಸ್6ರ ಡೀಸೆಲ್ ಗಾಡಿಗಳಲ್ಲಿ ಇರುತ್ತದೆ. ಹೊಗೆಯ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ತುಂಬಿದ ಮೇಲೆ ಆ ಮಸಿ ಒಳಗೇ ಸುಟ್ಟು ಹೋಗಬೇಕು. ಸುಡಲು ಎಕ್ಸಾಸ್ಟ್ ಚೆನ್ನಾಗಿ ಕಾದಿರಬೇಕು. ಗಾಂಧಿ ಬಜಾರಿಗೆ ಹೋಗಿ ಬರುವಷ್ಟರಲ್ಲಿ ಅದು ಕಾಯುವುದಿಲ್ಲ. ಹೈವೇಯಲ್ಲಿ ಒಂದೇ ಸಮನೆ ಹದಿನೈದು ಇಪ್ಪತ್ತು ನಿಮಿಷ ಓಡಬೇಕು. ನಾನು ಊರಿಗೆ ಹೋಗುತ್ತಿರುವವನು, ನನಗೆ ಅಷ್ಟು ತೊಂದರೆ ಆಗಲಿಕ್ಕಿಲ್ಲ. ಬರೀ ಊರೊಳಗೇ ಓಡಿಸುವವರು ಪೆಟ್ರೋಲ್ ನೋಡುವುದು ವಾಸಿ. ಹಾಗಂತ ಹಳೇ ಗಾಡಿ ಸಾಚಾ ಅಂತಲ್ಲ. ಎಮಿಷನ್ ಟೆಸ್ಟಿನಲ್ಲಿ ಪಾಸಾದರೂ ಅದರ ಮಸಿ ಹೋಗುವುದು ಹಿಂದೆ ಬರುವ ಸ್ಕೂಟರಿನವರ ಮೂಗಿಗೆ.

ಕಣ್ಣಿನ ಚೆಕಪ್ಪಿಗೆ ಅಮ್ಮ ಬಂದಿದ್ದಳು. ಅವಳಿಗೆ 76, ಮಂಡಿ ನೋವು. ನಮ್ಮ ಗಾಡಿ ಹತ್ತುವಾಗ ಪ್ರತಿ ಸಲವೂ ನಾನು ಹಿಂದಿನಿಂದ ಎತ್ತಬೇಕು. ಹೊಸದರಲ್ಲಿ ಇದಾದರೂ ಸರಿಯಾಗುತ್ತದೆ ಅಂತ ಶೋರೂಂಗೆ ಕರೆದುಕೊಂಡು ಹೋದೆ. ಮಿರಮಿರ ಮಿಂಚುವ ಗಾಡಿ ನೋಡಿ ಖುಷಿಪಟ್ಟಳು. ಬಾಗಿಲ ಹತ್ತಿರ ಹೋಗಿ ಕಾಲೆತ್ತಿ, ಕೆಳಗಿಟ್ಟಳು. "ಇದೂ ಅಷ್ಟೇ ಎತ್ತರ ಕಣೋ. ಇಪ್ಪತ್ತು ಲಕ್ಷ ಕೊಟ್ರೂ ನೀನು ನನ್ನ ಹಿಂದಿನಿಂದ ತಳ್ಳೋದು ತಪ್ಪಲ್ಲ" ಅಂದಳು. ಸೇಲ್ಸ್ ಹುಡುಗಿ ನಗು ತಡೆಯಲಾರದೆ ಆ ಕಡೆ ತಿರುಗಿದಳು.

ದುಡ್ಡಿನ ಲೆಕ್ಕ ಬೇಗ ಹೇಳಿ ಮುಗಿಸುತ್ತೇನೆ. ನಾನು ನೋಡಿದ ವೇರಿಯಂಟಿನ ಶೋರೂಂ ಬೆಲೆ 19 ಲಕ್ಷದ ಆಸುಪಾಸು. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ಆಜೀವ ತೆರಿಗೆ 17 ಪರ್ಸೆಂಟ್, ಆ ತೆರಿಗೆಯ ಮೇಲೆ ಮತ್ತೆ 11 ಪರ್ಸೆಂಟ್ ಸೆಸ್. ಅದೇ ಸುಮಾರು 3 ಲಕ್ಷ 58 ಸಾವಿರ. 20 ಲಕ್ಷ ದಾಟಿದರೆ 17 ಹೋಗಿ 18, ಅದಕ್ಕೇ ಗಡಿಯಲ್ಲಿರುವ ವೇರಿಯಂಟ್ ಆರಿಸುವಾಗ ಹುಷಾರು. ಇನ್ಶೂರೆನ್ಸ್ ಎಲ್ಲ ಸೇರಿ ರಸ್ತೆಗೆ ಬರುವಾಗ 23 ಲಕ್ಷ 70 ಸಾವಿರ. ಹಳೇ ಗಾಡಿಗೆ ಶೋರೂಂನವರು ಹೇಳಿದ್ದು 3 ಲಕ್ಷ, ಹೊರಗಿನವರೊಬ್ಬರು 4 ಲಕ್ಷ. ಕೈಯಲ್ಲಿದ್ದದ್ದು ಹಾಕಿದರೂ 14 ಲಕ್ಷ ಸಾಲ. ಒಂಬತ್ತು ಪರ್ಸೆಂಟಿಗೆ ಐದು ವರ್ಷ ಅಂದರೆ ತಿಂಗಳಿಗೆ 29 ಸಾವಿರ ಇಎಂಐ. ಮೈಲೇಜಿನಲ್ಲಿ ಉಳಿಯುತ್ತದಲ್ಲ ಅಂತ ಭಾಮೈದ ವಾದ ಮಾಡಿದ. ಆಗ ಡೀಸೆಲ್ 91 ರೂಪಾಯಿ. ವರ್ಷಕ್ಕೆ 9,000 ಕಿ.ಮೀ. ಹಿಡಿದು, ಲೀಟರಿಗೆ 10ರ ಬದಲು 13 ಕೊಟ್ಟರೂ ಉಳಿಯುವುದು 19 ಸಾವಿರ. ಅಂದರೆ ಒಂದು ತಿಂಗಳ ಇಎಂಐ ಕೂಡ ಅಲ್ಲ.

ಇನ್ನೊಂದು ಕಡೆ, ನಮ್ಮ ಗಾಡಿ ಇನ್ನೆಷ್ಟು ದಿನ ಬಾಳುತ್ತದೆ ಅಂತ ತಿಳಿಯಬೇಕಿತ್ತು. ಸರ್ವಿಸಿಗೆ ಅಂತ ಬಿಡದೆ, ಬರೀ ಚೆಕ್ ಮಾಡಿಸಲೆಂದೇ ಮೆಕ್ಯಾನಿಕ್ ಹತ್ತಿರ ಒಯ್ದೆ. ಅರ್ಧ ದಿನದ ಕೂಲಿ ಕೊಡುತ್ತೇನೆ, ಏನೂ ರಿಪೇರಿ ಮಾಡಬೇಡ, ನೋಡಿ ಹೇಳು ಸಾಕು ಅಂದೆ. ಲಿಫ್ಟಿಗೆ ಏರಿಸಿ ಚಾಸಿಗೆ ತುಕ್ಕು ಹಿಡಿದಿದೆಯೇ ಅಂತ ಸುತ್ತಿಗೆಯಲ್ಲಿ ತಟ್ಟಿ ನೋಡಿದ. ಎಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು, ಹೊಗೆ ನುಗ್ಗುತ್ತಾ ಅಂತ ನೋಡಿದ. ಟರ್ಬೋ ಅಲುಗಾಡುತ್ತಾ, ಇಂಜೆಕ್ಟರಿನಿಂದ ವಾಪಸ್ ಬರುವ ಡೀಸೆಲ್ ಜಾಸ್ತಿ ಇದೆಯಾ, ಕೂಲೆಂಟ್‌ನಲ್ಲಿ ಎಣ್ಣೆ ಜಿಡ್ಡು ಇದೆಯಾ, ಎಲ್ಲ ನೋಡಿ ಕೈ ಒರೆಸಿಕೊಂಡು ಹೇಳಿದ. "ಸಾರ್, ಎಂಜಿನ್ ಗಟ್ಟಿ. ಕೆಳಗೆ ಮಾತ್ರ ಬೆಂಗಳೂರು ರೋಡು ತಿಂದಿದೆ."

ರೋಡು ತಿಂದದ್ದು, ವಯಸ್ಸು ತಿಂದದ್ದು ಎಲ್ಲ ಸೇರಿ ಪಟ್ಟಿ ಬಂತು. ನಾಲ್ಕು ಟೈರ್ 37 ಸಾವಿರ. ಬುಷ್ಷು, ಶಾಕ್ ಅಬ್ಸಾರ್ಬರ್ 34. ಇಂಜೆಕ್ಟರ್ ಸರ್ವಿಸ್ 22. ಎಸಿ ಕೆಲಸ 18. ಎಂಜಿನ್ ಮೌಂಟು, ಹೋಸು, ಬೆಲ್ಟು 15. ಒಟ್ಟು 1 ಲಕ್ಷ 26 ಸಾವಿರ. ಹೊಸ ಗಾಡಿಯ ನಾಲ್ಕೂವರೆ ತಿಂಗಳ ಇಎಂಐಗಿಂತ ಕಮ್ಮಿ.

ಡಿಸೆಂಬರ್ ಕೊನೆಗೆ ನಾವಿಬ್ಬರೂ ನೋಟ್‌ಬುಕ್ ಇಟ್ಟುಕೊಂಡು ಕುಳಿತೆವು. ಸುರಕ್ಷತೆ ಒಂದನ್ನು ಬಿಟ್ಟು ಉಳಿದದ್ದೆಲ್ಲ ಹಳೇ ಗಾಡಿ ಕಡೆಗೇ ಇತ್ತು. ಆ ಒಂದು ಮಾತ್ರ ನನ್ನನ್ನು ಬಿಡುತ್ತಿರಲಿಲ್ಲ. ಹೆಂಡತಿ ಆಗ ಕೇಳಿದಳು, "ಐದು ಸ್ಟಾರ್ ಬೇಕು ಸರಿ. ಅದು ಸ್ಕಾರ್ಪಿಯೋನೇ ಆಗಬೇಕು ಅಂತ ಎಲ್ಲಿ ಬರೆದಿದೆ?"

ನಿಜಕ್ಕೂ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಹಳೇ ಸ್ಕಾರ್ಪಿಯೋ ಆದ ಮೇಲೆ ಹೊಸ ಸ್ಕಾರ್ಪಿಯೋ, ಬೇರೆ ದಾರಿಯೇ ಇಲ್ಲ ಅನ್ನುವ ಹಾಗೆ ಯೋಚಿಸಿದ್ದೆ. ಅಮ್ಮ ಹತ್ತಬಲ್ಲ ಎತ್ತರ, ಕಂಬದ ಮಧ್ಯೆ ಹಿಡಿಯುವ ಅಗಲ, ಹೆಚ್ಚು ಸ್ಟಾರ್ ಇರುವ ಬಾಡಿ, ಈ ಮೂರೂ ಇರುವ ಸಣ್ಣ ಗಾಡಿಗಳು ಇನ್ನೂ ಕಡಿಮೆ ಬೆಲೆಗೆ ಇವೆ. ನಾನು ನೋಡುತ್ತಿದ್ದದ್ದು ಹೆಸರನ್ನು.

ಕೊನೆಗೆ ಹೀಗೆ ಮಾಡಿದೆವು. ರಿಪೇರಿ ಪೂರ್ತಿ ಮಾಡಿಸಿದೆ. ನಮ್ಮ ಆರ್‌ಸಿ ಅವಧಿ 2027ರ ಫೆಬ್ರವರಿಗೆ ಮುಗಿಯುತ್ತದೆ, 15 ವರ್ಷ. ಆಮೇಲೆ ಎಫ್‌ಸಿ ಮಾಡಿಸಿ ಐದು ವರ್ಷಕ್ಕೆ ನವೀಕರಿಸಬಹುದು. ಕಾರಿಗೆ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600 ಇದ್ದದ್ದು 5,000 ಆಗಿದೆ, ಜೊತೆಗೆ ಹಸಿರು ತೆರಿಗೆ. ಅಲ್ಲಿಯವರೆಗೆ ಇದೇ ಗಾಡಿ. ಪಕ್ಕದ ಸೀಟುಗಳನ್ನು ಮೇಲೆತ್ತಿ ಹಗ್ಗ ಬಿಗಿದಿದ್ದೇನೆ, ಅಲ್ಲಿ ತೆಂಗಿನಕಾಯಿ ಬಿಟ್ಟು ಯಾರೂ ಕೂರುವಂತಿಲ್ಲ. ಜನ ಐದಕ್ಕಿಂತ ಜಾಸ್ತಿಯಾದರೆ ಮಿಕ್ಕವರು ರೈಲಿನಲ್ಲಿ ಬರುತ್ತಾರೆ, ತಿಪಟೂರಿಗೆ ರೈಲಿಗೇನು ಕಮ್ಮಿ? ಹೈವೇಯಲ್ಲಿ 80 ದಾಟುವುದಿಲ್ಲ, ಹಿಂದಿನವರಿಗೂ ಬೆಲ್ಟ್. ಇದೆಲ್ಲ ಸೇರಿದರೂ ಐದು ಸ್ಟಾರ್ ಆಗುವುದಿಲ್ಲ ಅಂತ ಗೊತ್ತು. ನೆಲಮಂಗಲ ಟೋಲ್ ದಾಟಿದ ಕೂಡಲೇ ಅದು ಪ್ರತಿ ಸಲ ನೆನಪಾಗುತ್ತದೆ.

ಜೊತೆಗೆ, ಜನವರಿಯಿಂದ ಆ 29 ಸಾವಿರವನ್ನು ಪ್ರತಿ ತಿಂಗಳು ಬೇರೆ ಖಾತೆಗೆ ಹಾಕೋಣ ಅಂತ ಮಾತಾಯಿತು. ಗಾಡಿ ಇಲ್ಲದೆಯೇ ಇಎಂಐ ಕಟ್ಟಿ ನೋಡುವುದು. ಜನವರಿ ಹಾಕಿದೆವು. ಫೆಬ್ರವರಿ ಹಲ್ಲು ಕಚ್ಚಿ ಹಾಕಿದೆವು. ಮಾರ್ಚಿನಲ್ಲಿ ಮಗಳ ಸಿಇಟಿ ಕೋಚಿಂಗ್ ಫೀಸು ಬಂತು, ಹಾಕಲಾಗಲಿಲ್ಲ. ನಮ್ಮ ಖಾತೆಯಾದ್ದರಿಂದ ಯಾರೂ ಫೋನ್ ಮಾಡಿ ಕೇಳಲಿಲ್ಲ. ಬ್ಯಾಂಕಿನವರಾಗಿದ್ದರೆ ಕೇಳುತ್ತಿದ್ದರು. ಏಪ್ರಿಲಿನಿಂದ 18 ಸಾವಿರ ಮಾಡಿಕೊಂಡಿದ್ದೇವೆ, ಅದು ನಡೆಯುತ್ತಿದೆ. ಮುಂದಿನ ಗಾಡಿ ಎಷ್ಟರದ್ದು ಅನ್ನುವುದು ಅಲ್ಲಿಂದಲೇ ಗೊತ್ತಾಯಿತು.

ಅಮ್ಮನಿಗೋಸ್ಕರ ಜೆ.ಸಿ. ರೋಡಿನಲ್ಲಿ ಗಾಡಿಗೆ ಪಕ್ಕದ ಮೆಟ್ಟಿಲು ಹಾಕಿಸಲು ಹೋಗಿದ್ದೆ. ಅದು ಹಾಕಿಸಿದರೂ ಮೊದಲ ಹೆಜ್ಜೆ ಎತ್ತರವೇ ಅನ್ನಿಸಿತು. ಊರಿನಲ್ಲಿ ಬಡಗಿಗೆ ಹೇಳಿ ಒಂದಡಿ ಎತ್ತರದ ಹಲಸಿನ ಮರದ ಮಣೆ ಮಾಡಿಸಿದೆ, ಹಿಡಿದೆತ್ತಲು ಹಗ್ಗ ಕಟ್ಟಿ. 650 ರೂಪಾಯಿ. ಅಮ್ಮ ಈಗ ಅದರ ಮೇಲೆ ಕಾಲಿಟ್ಟು ತಾನೇ ಹತ್ತುತ್ತಾಳೆ. ಹತ್ತಿ ಕೂತ ಮೇಲೆ ಹಗ್ಗ ಹಿಡಿದು ಮಣೆಯನ್ನೂ ತಾನೇ ಒಳಗೆಳೆದುಕೊಳ್ಳುತ್ತಾಳೆ, ನಾನು ಮುಟ್ಟುವಂತಿಲ್ಲ.