ಜರ್ಮನಿಯ ಊರಿನ ಕ್ರೀಡಾಂಗಣ ಮತ್ತು ಅದನ್ನು ಬಳಸುವ ಸಂಘಗಳು

ನಡುವೆ ಹುಲ್ಲಿನ ಫುಟ್‌ಬಾಲ್ ಮೈದಾನ, ಅದರ ಸುತ್ತ 400 ಮೀಟರಿನ ಓಟದ ಪಥ, ಅಂಚಿನಲ್ಲಿ ಉದ್ದಜಿಗಿತಕ್ಕೆ ಮರಳಿನ ಅಂಕಣ: ಜರ್ಮನಿಯ ಅನೇಕ ಸಣ್ಣ ಪಟ್ಟಣಗಳಲ್ಲೂ ಇಂಥ ಕ್ರೀಡಾಂಗಣವಿರುತ್ತದೆ. ಇದು ಬಹುತೇಕ ಕಡೆ ಸ್ಥಳೀಯ ಆಡಳಿತದ ಆಸ್ತಿಯಾದರೂ ಸಂಜೆಯ ವೇಳೆಯನ್ನು ಆಡಳಿತವು ಊರಿನ ಕ್ರೀಡಾ ಸಂಘಗಳಿಗೆ ಹಂಚಿಕೊಟ್ಟಿರುತ್ತದೆ. ಆದ್ದರಿಂದ ಹೊಸದಾಗಿ ಬಂದ ಕನ್ನಡಿಗರು ಮೈದಾನವನ್ನು ಬಾಡಿಗೆಗೆ ಕೇಳಿ ಅಲೆಯುವುದಕ್ಕಿಂತ ಸಂಘವೊಂದರ ಸದಸ್ಯರಾಗುವುದೇ ಸುಲಭ.

ಫೆರೈನ್ ಎನ್ನಲಾಗುವ ಈ ಸಂಘವನ್ನು ಸ್ಥಳೀಯ ನ್ಯಾಯಾಲಯದಲ್ಲಿ ನೋಂದಾಯಿಸಲು ಕನಿಷ್ಠ 7 ಸದಸ್ಯರು ಬೇಕು. ದೇಶದಲ್ಲಿ ಇಂಥ ಕ್ರೀಡಾ ಸಂಘಗಳು 80,000ಕ್ಕೂ ಹೆಚ್ಚಿವೆ. ಹೆಸರಿನಲ್ಲಿರುವ ಇಸವಿ ಸಾಮಾನ್ಯವಾಗಿ ಸ್ಥಾಪನೆಯ ವರ್ಷ. ಮ್ಯೂನಿಕ್‌ನ 1860 ಸಂಘ ಇದಕ್ಕೆ ಪ್ರಸಿದ್ಧ ಉದಾಹರಣೆ. ಹಳೆಯ ಸಂಘಗಳಲ್ಲಿ ಎಷ್ಟೋ ವ್ಯಾಯಾಮ ಸಂಘಗಳಾಗಿ ಹುಟ್ಟಿದವು. ಹೀಗಾಗಿ ಹೊರಗಿನವರಿಗೆ ಬರೀ ಫುಟ್‌ಬಾಲ್ ಸಂಘವಾಗಿ ತೋರುವುದರಲ್ಲಿ ಹ್ಯಾಂಡ್‌ಬಾಲ್, ಟೇಬಲ್ ಟೆನಿಸ್, ಪುಟ್ಟ ಮಕ್ಕಳ ವ್ಯಾಯಾಮ ಮುಂತಾದ ವಿಭಾಗಗಳೂ ಇರುವುದುಂಟು. ಕೆಲವು ವಿಭಾಗಗಳಿಗೆ ಮೂಲ ಶುಲ್ಕದ ಮೇಲೆ ಪ್ರತ್ಯೇಕ ಶುಲ್ಕ ತೆರಬೇಕಾಗುತ್ತದೆ.

ಸೇರುವ ಮುನ್ನ ಒಂದೆರಡು ಬಾರಿ ಉಚಿತವಾಗಿ ತರಬೇತಿಗೆ ಬಂದು ನೋಡಲು ಹೆಚ್ಚಿನ ಸಂಘಗಳು ಅವಕಾಶ ಕೊಡುತ್ತವೆ. ಆನಂತರ ಅರ್ಜಿಗೆ ಸಹಿ ಮಾಡಿದರೆ ಶುಲ್ಕವು ಬ್ಯಾಂಕ್ ಖಾತೆಯಿಂದ ನೇರವಾಗಿ ಕಡಿತವಾಗುತ್ತದೆ. ನಮ್ಮವರು ಎಡವುವುದು ಸೇರುವಾಗಲ್ಲ, ಬಿಡುವಾಗ. ಊರು ಬದಲಿಸಿದ ಮಾತ್ರಕ್ಕೆ, ತರಬೇತಿಗೆ ಹೋಗುವುದನ್ನು ನಿಲ್ಲಿಸಿದ ಮಾತ್ರಕ್ಕೆ ಸದಸ್ಯತ್ವ ಕೊನೆಗೊಳ್ಳುವುದಿಲ್ಲ. ಸಂಘದ ನಿಯಮಾವಳಿ ಹೇಳುವ ಗಡುವಿನೊಳಗೆ, ಹೆಚ್ಚಾಗಿ ಅರ್ಧವರ್ಷದ ಅಥವಾ ವರ್ಷದ ಕೊನೆಗೆ ಅನ್ವಯವಾಗುವಂತೆ, ಲಿಖಿತವಾಗಿ ರಾಜೀನಾಮೆ ಸಲ್ಲಿಸಬೇಕು. ನೌಕರಿಗಾಗಿ ಮೇಲಿಂದ ಮೇಲೆ ಊರು ಬಿಡುವವರು ಸಹಿಗೆ ಮೊದಲೇ ಈ ನಿಯಮವನ್ನು ಓದಿಕೊಳ್ಳುವುದು ಒಳ್ಳೆಯದು.

ಫುಟ್‌ಬಾಲ್ ಆಡಬಯಸುವ ಮಕ್ಕಳ ವಿಷಯದಲ್ಲಿ ಇನ್ನೊಂದು ತೊಡಕಿದೆ. 10 ವರ್ಷ ತುಂಬಿದ ಮಗು ವಿದೇಶದಿಂದ ಬಂದಿದ್ದರೆ ಅಧಿಕೃತ ಪಂದ್ಯಗಳಲ್ಲಿ ಆಡುವ ಅನುಮತಿಗೆ ಅಂತರರಾಷ್ಟ್ರೀಯ ಮಟ್ಟದ ಪರಿಶೀಲನೆ ನಡೆಯುತ್ತದೆ. ಪೋಷಕರ ನಿವಾಸದ ದಾಖಲೆ, ಜನನ ಪ್ರಮಾಣಪತ್ರ ಮುಂತಾದವನ್ನು ಮೊದಲೇ ಜೋಡಿಸಿಟ್ಟುಕೊಂಡರೆ ಕಾಯುವ ಅವಧಿ ವೃಥಾ ಬೆಳೆಯುವುದಿಲ್ಲ. ವಸತಿ ನೆರವು ಅಥವಾ ಮಕ್ಕಳ ಪೂರಕ ಭತ್ಯೆ ಪಡೆಯುವ ಕುಟುಂಬಗಳು 18 ವರ್ಷದೊಳಗಿನ ಮಕ್ಕಳ ಸಂಘದ ಶುಲ್ಕಕ್ಕಾಗಿ ತಿಂಗಳಿಗೆ 15 ಯೂರೋ ಸಹಾಯ ಕೇಳಬಹುದು.

ಶುಲ್ಕ ಕಡಿಮೆಯಿರುವುದಕ್ಕೆ ಕಾರಣ, ತರಬೇತುದಾರರೂ ಪದಾಧಿಕಾರಿಗಳೂ ಬಹುಮಟ್ಟಿಗೆ ಸಂಬಳವಿಲ್ಲದೆ ದುಡಿಯುತ್ತಾರೆ. ಪಂದ್ಯದ ದಿನ ಕೇಕ್ ತರುವಂತೆ, ಬೇರೆ ಊರಿಗೆ ಮಕ್ಕಳನ್ನು ಕಾರಿನಲ್ಲಿ ಕರೆದೊಯ್ಯುವಂತೆ ಪೋಷಕರನ್ನು ಕೇಳುವುದು ಅಲ್ಲಿನ ವಾಡಿಕೆ. ಟೆನಿಸ್ ಸಂಘಗಳು ವರ್ಷಕ್ಕೆ ಇಂತಿಷ್ಟು ತಾಸಿನ ಶ್ರಮದಾನವನ್ನು ನಿಗದಿಪಡಿಸಿ, ಮಾಡದವರಿಂದ ಹಣ ವಸೂಲು ಮಾಡುವುದೂ ಉಂಟು. ಶುಲ್ಕ ಕೊಟ್ಟಾಯಿತಲ್ಲ ಎಂದು ಇದರಿಂದ ನುಣುಚಿಕೊಳ್ಳುವವರು ಹೊರಗಿನವರಾಗಿಯೇ ಉಳಿಯುತ್ತಾರೆ.

ಮಳೆಯಿಂದ ಹುಲ್ಲು ನೆನೆದಾಗ ಆಡಳಿತವು ಮೈದಾನವನ್ನು ಮುಚ್ಚಬಹುದು; ಶಾಲೆಗಳ ಒಳಾಂಗಣಗಳಿಗೆ ರಜೆಯಲ್ಲಿ ಬೀಗ ಬೀಳುವುದೂ ಸಾಮಾನ್ಯ. ಸಂಘ ಸೇರುವ ಮನಸ್ಸಿನ್ನೂ ಮಾಡದವರು ಜರ್ಮನ್ ಕ್ರೀಡಾ ಪದಕಕ್ಕೆ ಪ್ರಯತ್ನಿಸಬಹುದು. ಸಹನೆ, ಬಲ, ವೇಗ, ಸಮನ್ವಯಗಳ ಪರೀಕ್ಷೆಗಳೊಂದಿಗೆ ಈಜು ಬಲ್ಲವರೆಂಬುದನ್ನೂ ತೋರಿಸಿದರೆ ಕಂಚು, ಬೆಳ್ಳಿ ಅಥವಾ ಚಿನ್ನದ ದರ್ಜೆ ಸಿಗುತ್ತದೆ. ಇದಕ್ಕೆ ಸದಸ್ಯತ್ವ ಕಡ್ಡಾಯವಲ್ಲ.