ಜೋಡಣೆ ಕಾಣದ ಶಂಖಪುಷ್ಪದ ಬಳ್ಳಿ

ಬಟ್ಟೆಯ ಮೇಲೆ ಮುದ್ರಿಸಲೆಂದು ಶಂಖಪುಷ್ಪದ ಬಳ್ಳಿಯನ್ನು ಜಲವರ್ಣದಲ್ಲಿ ಮಾಡಿದಾಗ, ಬಟ್ಟೆಯುದ್ದಕ್ಕೂ ಮರುಕಳಿಸುವ ಚೌಕದ ಅಳತೆ 32 ಸೆಂ.ಮೀ. ಇಟ್ಟುಕೊಂಡೆ. ಬಟ್ಟೆ ಮುದ್ರಿಸುವ ಉರುಳೆಯಾದ ರೋಟರಿ ಸ್ಕ್ರೀನಿನ ಸುತ್ತಳತೆ ಸಾಮಾನ್ಯವಾಗಿ 64 ಸೆಂ.ಮೀ., ಚೌಕ ಅದರಲ್ಲಿ ಸರಿಯಾಗಿ ಎರಡು ಸಲ ಕೂರುತ್ತದೆ. ಡಿಜಿಟಲ್ ಮುದ್ರಣಕ್ಕೆ ಈ ಕಟ್ಟುಪಾಡಿಲ್ಲ.

ಮೊದಲು ಟ್ರೇಸಿಂಗ್ ಹಾಳೆಯ ಮೇಲೆ ಪೆನ್ಸಿಲ್ ಕೆಲಸ. ಹಾಫ್ ಡ್ರಾಪ್‌ನಲ್ಲಿ ಪಕ್ಕದ ಕಂಬಸಾಲು ಅರ್ಧ ಚೌಕ, ಅಂದರೆ 16 ಸೆಂ.ಮೀ., ಕೆಳಗಿಳಿಯುತ್ತದೆ. ಬಳ್ಳಿ ಬಲ ಅಂಚನ್ನು ಮೇಲಿನಿಂದ 5 ಸೆಂ.ಮೀ.ಗೆ ದಾಟಿದರೆ ಎಡ ಅಂಚಿನಲ್ಲಿ 21ಕ್ಕೆ ಒಳಬರಬೇಕು. ಬಿಂದು ಕೂಡಿದರೆ ಸಾಲದು, ಬಳ್ಳಿಯ ಓರೆಯೂ ಕೂಡಬೇಕು. ಇಲ್ಲದಿದ್ದರೆ ಅಲ್ಲೇ ಮುರಿದಂತೆ ಕಾಣುತ್ತದೆ.

ಅಂಚಿನ ಮೇಲೆ ಬರುವ ಹೂವನ್ನು ಒಂದೇ ಕಡೆ, ಗೆರೆ ದಾಟಿಸಿ, ಪೂರ್ತಿ ಬರೆಯಿರಿ. ಎದುರು ಅಂಚು ಖಾಲಿ ಇರಲಿ, ಅಲ್ಲಿಗೆ ಆಮೇಲೆ ಕಂಪ್ಯೂಟರಿನಲ್ಲಿ ನಕಲು ಹಾಕಿ. ನೀರು ಎರಡು ಸಲ ಒಂದೇ ಥರ ಹರಿಯುವುದಿಲ್ಲ, ಅರ್ಧರ್ಧ ಬರೆದ ಹೂವು ಎಂದೂ ಕೂಡುವುದಿಲ್ಲ. ನಕಲನ್ನು ಕನ್ನಡಿಯಂತೆ ತಿರುಗಿಸಲೂಬೇಡಿ: ಒಂದೇ ಜಾತಿಯ ಬಳ್ಳಿ ಒಂದೇ ದಿಕ್ಕಿಗೆ ಸುತ್ತುತ್ತದೆ, ತಿರುಗಿಸಿದರೆ ಸುತ್ತು ಸುಳ್ಳಾಗುತ್ತದೆ.

ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ಕೋಲ್ಡ್ ಪ್ರೆಸ್, ಅಂದರೆ ತುಸು ತರಿ ಮೈಯದು, ಹತ್ತಿಯದು. ಹೂವಿನ ನಡುವೆ ತೆಳು ಹಳದಿ ಹಚ್ಚಿ ಒಣಗಲು ಬಿಟ್ಟೆ. ಆಮೇಲೆ ದಳವನ್ನಷ್ಟೇ ಒದ್ದೆ ಮಾಡಿ, ಅಂಚಿನಿಂದ ಒಳಕ್ಕೆ ಅಲ್ಟ್ರಾಮರೀನ್ ನೀಲಿ, ಅದಕ್ಕೆ ಚೂರು ಡಯಾಕ್ಸಜೀನ್ ವೈಲೆಟ್ ಎಂಬ ನೇರಳೆ. ಬಣ್ಣ ಒಣಗಿದ ಮೇಲೆ ತಿಳಿಯಾಗುತ್ತದೆ, ಹಾಗಾಗಿ ತುಸು ಗಾಢವಾಗಿಯೇ ಕಲಸಿ. ಹೊಳಪು ಆರುವ ಹೊತ್ತಿಗೆ ನೀರು ಬಿದ್ದರೆ ಹೂಕೋಸಿನಂಥ ಕಲೆ ಏಳುತ್ತದೆ; ಆಗ ಬ್ರಷ್ ತಾಗಿಸದೆ ಪೂರ್ತಿ ಒಣಗಲು ಬಿಡಬೇಕು. ಅಲ್ಟ್ರಾಮರೀನಿನ ಕಾಳುಕಾಳು ಮಾತ್ರ ತಪ್ಪಲ್ಲ, ಜಲವರ್ಣದ ಜೀವ ಅದರಲ್ಲಿಯೇ ಇದೆ. ಎಲೆಗೆ 5 ಅಥವಾ 7 ಕಿರುಎಲೆ. ಸ್ಯಾಪ್ ಗ್ರೀನ್ ಒಂದೇ ಹಚ್ಚಿದರೆ ಪ್ಲಾಸ್ಟಿಕ್ಕಿನಂತಿರುತ್ತದೆ, ಕೆಂಗಂದು ಬಣ್ಣದ ಬರ್ನ್ಟ್ ಸಿಯೆನ್ನಾ ಬೆರೆಸಿ.

ಸ್ಕ್ಯಾನ್ 600 ಡಿಪಿಐ (ಇಂಚಿಗೆ 600 ಚುಕ್ಕೆ). ಸ್ಕ್ಯಾನರಿನ ಬೆಳಕು ಒಂದೇ ಕಡೆಯಿಂದ ಬರುವುದರಿಂದ ಕಾಗದದ ಉಬ್ಬುತಗ್ಗು ಬೂದು ಚುಕ್ಕೆಯಾಗುತ್ತದೆ. ಹಾಳೆಯನ್ನು 180 ಡಿಗ್ರಿ ತಿರುಗಿಸಿ ಇನ್ನೊಮ್ಮೆ ಸ್ಕ್ಯಾನ್ ಮಾಡಿ, ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ಮತ್ತೆ ನೇರ ಮಾಡಿ, ಎರಡನ್ನೂ ಒಂದರ ಮೇಲೊಂದು ಶೇ. 50 ಬೆರೆಸಿದರೆ ಬಹುಪಾಲು ಮಾಯ. ಬಿಳಿಯನ್ನು ಅತಿಯಾಗಿ ಏರಿಸಬೇಡಿ, ತೆಳು ವಾಷಿನ (ನೀರುಬಣ್ಣದ ಪದರದ) ಅಂಚು ತಿಂದುಹೋಗುತ್ತದೆ. 300 ಡಿಪಿಐಗೆ ಇಳಿಸಿದಾಗ ಚೌಕ 3780 ಪಿಕ್ಸೆಲ್, ಪಕ್ಕದ ಕಂಬಸಾಲಿನ ಇಳಿಕೆ 1890.

ಕೊನೆಗೆ ಮೂರು ಸಾಲು, ಮೂರು ಕಂಬ ಚೌಕ ಹರಡಿ, ಚಿಕ್ಕದಾಗಿಸಿ, ಕಣ್ಣು ಕಿರಿದಾಗಿಸಿ ನೋಡಿ. ಓರೆಯಾಗಿ ಖಾಲಿ ಓಣಿ ಕಂಡರೆ ಮೊಗ್ಗು, ಕುಡಿ ಸೇರಿಸಿ. ಒಂದೇ ಒಂದು ಗಾಢ ಹೂವಿದ್ದರೆ ಬಟ್ಟೆಯುದ್ದಕ್ಕೂ ಚುಕ್ಕೆ ಸಾಲಾಗಿ ಎದ್ದು ಕಾಣುತ್ತದೆ. ಗಾಢವಾದವು ಮೂರಾದರೂ ಇರಲಿ, ಒಂದೇ ಸಾಲಿನಲ್ಲಿ ಬೇಡ.

ಪರದೆಯ ನೀಲಿ-ನೇರಳೆ ಬಟ್ಟೆಯ ಮೇಲೆ ಮಂಕಾಗಬಹುದು. ಪೂರ್ತಿ ಥಾನಿಗೆ ಕೊಡುವ ಮೊದಲು ಅದೇ ಬಟ್ಟೆಯಲ್ಲಿ 64 ಸೆಂ.ಮೀ. ಮಾದರಿ ಮುದ್ರಿಸಿ, ಒಮ್ಮೆ ಒಗೆದು ನೋಡಿ.